ಎಣ್ಣೆ ಕಾದ ದಿನ

ಮೊನ್ನೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಳೆಯ ಬಸ್ಸೊಂದು ಬಂದು ನಿಂತದ್ದೇ ತಡ, ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು. ಸೀದ ಎಂಜಿನ್ ಆಯಿಲಿನ ವಾಸನೆ. ಸುತ್ತಲಿದ್ದವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಸರಿಯಲಿಲ್ಲ, ತಲೆ ತಗ್ಗಿಸಿದೆ. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರೆ ಅನ್ನಿಸಿತು. ಆ ವಾಸನೆ ಬಂದರೆ ಸಾಕು, ಈಗಲೂ ನನಗೆ ಹೀಗೆಯೇ. ನನ್ನ ಮದುವೆ ನೆನಪಾಗುತ್ತದೆ, ಸೋದರಮಾವ ನೆನಪಾಗುತ್ತಾರೆ...

ಮಾವ ಅಮ್ಮನ ತಮ್ಮ, ಕ್ಯಾತನಹಳ್ಳಿಯವರು. ಕಬ್ಬಿನ ಗದ್ದೆಗಳ ಡೀಸೆಲ್ ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದರು. ಎಂಜಿನ್ನಿನ ಮೈಮೇಲೆ ಅಂಗೈ ಇಟ್ಟು ನೋಡಿ, "ಸರಿಯಾಗೇ ಅದೆ ಕಣ್ಲಾ, ಓಡ್ಸು" ಅನ್ನುವರು. ಗದ್ದೆಯಲ್ಲಿ ಎಲ್ಲರೂ ಎಂಜಿನ್ನಿನ ಬಿಸಿ ನೋಡುತ್ತಿದ್ದುದೇ ಹಾಗೆ. ಅಣೆಕಟ್ಟೆಯ ಹಿನ್ನೀರಿನ ದಡದಲ್ಲಿ ತೋಟ ಮಾಡಿದ್ದ ಸಾಹುಕಾರನೊಬ್ಬ ಎಲ್ಲಿಂದಲೋ ರೇಸಿನ ಸ್ಪೀಡ್ ಬೋಟು ತಂದಾಗ, ಅದನ್ನು ನೋಡಿಕೊಳ್ಳಲು ಮಾವನನ್ನೇ ಕರೆದ. ಆಮೇಲೆ ಮಾವನನ್ನು ಹಿಡಿಯುವವರೇ ಇಲ್ಲ! ಊರಿನಲ್ಲಿ ಯಾರು ಸಿಕ್ಕಿದರೂ ಬೋಟಿನದೇ ಮಾತು.

ಅದರಲ್ಲಿ ಎರಡು ಮೀಟರು ಇದ್ದವು, ನೀರಿನ ಬಿಸಿಗೊಂದು, ಎಣ್ಣೆಯ ಬಿಸಿಗೊಂದು. ಸಾಹುಕಾರ ಹೇಳಿಕೊಟ್ಟದ್ದನ್ನು ಮಾವ ನಮಗೆ ಒಪ್ಪಿಸುತ್ತಿದ್ದರು. ಎಣ್ಣೆ ಕಾಯುವ ಮುಂಚೆ ಜೋರಾಗಿ ಓಡಿಸಬಾರದು. ಮುಳ್ಳು ತೊಂಬತ್ತರಿಂದ ನೂರಹತ್ತು ಡಿಗ್ರಿಯೊಳಗೆ ನಿಂತರೆ ಕ್ಷೇಮ. ಅದನ್ನು ದಾಟಿ ಕೆಂಪು ಗೆರೆಯತ್ತ ಹೊರಟಿತೋ, ವೇಗ ಇಳಿಸಲೇಬೇಕು, ಇಲ್ಲದಿದ್ದರೆ ಎಣ್ಣೆ ತೆಳ್ಳಗಾಗಿ ಬೇರಿಂಗು ಸುಟ್ಟುಹೋಗುತ್ತದೆ. ಬಾಯಿಪಾಠವೇನೋ ಚೆನ್ನಾಗಿಯೇ ಇತ್ತು.

ನನ್ನ ಮದುವೆ ಗೊತ್ತಾದದ್ದು ಹಿನ್ನೀರಿನ ಆಚೆ ದಡದ ಹುಡುಗನ ಜೊತೆ. ಆಡಂಬರವಿಲ್ಲದ ಮದುವೆ. ಅವರೂರ ದೇವಸ್ಥಾನದ ಮುಂದೆ ಬೆಳಗಿನ ಲಗ್ನಕ್ಕೆ ಧಾರೆ. ನಮ್ಮಲ್ಲಿ ಹೆಣ್ಣಿನ ಕೈಹಿಡಿದು ಹಸೆಮಣೆಗೆ ಕರೆತರುವವನು ಸೋದರಮಾವ. ಮಾವನಿಗೆ ಅಷ್ಟು ಸಾಲದಾಯಿತು. "ಎಲ್ರೂ ಬಸ್ನಾಗೆ ಸುತ್ಕಂಡ್ ಓಗ್ಲಿ. ನಮ್ ಮಗೀನ ನಾನು ನೀರ್ ಮೇಲೆ ತತ್ತೀನಿ" ಎಂದು ಹಟ ಹಿಡಿದರು. ಸಾಹುಕಾರನೂ ಹೂಂ ಅಂದ. ಅಪ್ಪ ಸುತರಾಂ ಬೇಡವೆಂದರು, ಅಮ್ಮ ತಮ್ಮನ ಪರ ನಿಂತಳು. ನನಗೋ ಒಳಗೊಳಗೇ ಹಿಗ್ಗು.

ಬೋಟಿನಲ್ಲಿ ನಾವು ಮೂವರೇ. ಮಾವ, ಮಾವನ ಹೆಂಡತಿ ಅತ್ತೆ, ಧಾರೆ ಸೀರೆ ಉಟ್ಟ ನಾನು. ನೀರು ಅಗಲವಾದ ಕೂಡಲೇ ಮಾವ ಪೂರ್ತಿ ವೇಗ ಕೊಟ್ಟರು, ಬೋಟಿನ ಮೂತಿ ಮೇಲೆದ್ದಿತು. ನಾನು ಕೂಗಿಕೊಂಡೆ, ಖುಷಿಗೆ. ಅರ್ಧ ದಾರಿಯಲ್ಲಿ ಅತ್ತೆ, "ಅಯ್ಯೋ, ಆ ಎಣ್ಣೆ ಮೀಟ್ರು ಮುಳ್ಳು ನೋಡಿ ಒಸಿ, ಕೆಂಪು ಗೆರೆತಾವ್ಕೆ ಓಯ್ತಾ ಅದೆ" ಅಂದರು. ಮಾವ ನೋಡಿದರು. ನೋಡಲಿಲ್ಲ ಅಂತ ಹೇಳಲಾರೆ. ಒಂದು ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡೇ ಹಿಂದಕ್ಕೆ ಬಗ್ಗಿ, ಮುಚ್ಚಳ ಸರಿಸಿ, ಎಂಜಿನ್ನಿನ ಮೇಲೆ ಅಂಗೈ ಇಟ್ಟರು.

"ಬೆಚ್ಚಗದೆ ಅಷ್ಟೇಯ. ಮೀಟ್ರು ಕೆಟ್ಟದೆ ಕಣೆ. ಮೀಟ್ರು ಸುಳ್ಳೇಳ್ತದೆ, ಕೈ ಸುಳ್ಳೇಳಾಕಿಲ್ಲ."

ಗದ್ದೆಯಲ್ಲಿ ಆ ಕೈ ಎಂದೂ ಸುಳ್ಳು ಹೇಳಿರಲಿಲ್ಲ. ಆದರೆ ಈ ಎಂಜಿನ್ನಿನ ಮೈಯೊಳಗೆ ಹೊಳೆಯ ತಣ್ಣೀರು ಎಡೆಬಿಡದೆ ಹರಿಯುತ್ತಿತ್ತು. ಹೊರಮೈ ತಂಪಾಗಿಯೇ ಇತ್ತು, ತಳದ ಎಣ್ಣೆ ಮಾತ್ರ ಒಗ್ಗರಣೆಗಿಟ್ಟ ಹಾಗೆ ಕಾಯುತ್ತಿತ್ತು. ಅದೆಲ್ಲ ನಮಗೆ ತಿಳಿದದ್ದು ಆಮೇಲೆ... ಆಗ ತಿಳಿದದ್ದು ಬರೀ ಕಟಕಟ ಸದ್ದು, ನೀಲಿ ಹೊಗೆ, ಆ ವಾಸನೆ. ಎಂಜಿನ್ ಸೀಜಾಗಿ, ಕಚ್ಚಿಕೊಂಡು ನಿಂತೇಹೋಯಿತು. ಬೋಟು ನಡುನೀರಿನಲ್ಲಿ ಸುಮ್ಮನೆ ತೇಲತೊಡಗಿತು.

ಮಾವ ಬಿಚ್ಚಿದರು, ಬಡಿದರು, ದೇವರಿಗೆ ಹರಕೆ ಹೊತ್ತರು. ಆಮೇಲೆ ನಿಂತುಕೊಂಡು ಟವೆಲ್ಲು ಬೀಸುತ್ತ ಗಂಟಲು ಕಟ್ಟುವವರೆಗೆ ಕೂಗಿದರು. ಯಾವಾಗಲೋ ಮೀನು ಹಿಡಿಯುವವರ ತೆಪ್ಪ ಬಂತು. ಅದರಲ್ಲಿ ಸೀರೆ ಮುದುಡಿಕೊಂಡು ಕೂತು ನಾವು ದಡ ಸೇರಿದಾಗ ಲಗ್ನ ಮೀರಿತ್ತು. ಪುರೋಹಿತರು ಮಧ್ಯಾಹ್ನದ ಅಭಿಜಿನ್ ಲಗ್ನ ಹೇಳಿ ಮಾನ ಉಳಿಸಿದರು. ಗಂಡಿನ ಕಡೆಯ ಹಿರಿಯರೊಬ್ಬರು ದೇವಸ್ಥಾನದ ಮುಂದೆಯೇ ನಿಂತು, "ಸ್ವಾದರಮಾವ ಎಲ್ಲವ್ನೆ? ಇನ್ನೂ ನೀರಲ್ಲೇ ಅವ್ನಾ?" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ಮಾವ ದೇವಸ್ಥಾನದ ಹಿಂದೆ ಮರಳು ಹಾಕಿ ಕೈ ಉಜ್ಜುತ್ತಿದ್ದರು. ಎಣ್ಣೆಯ ಮಸಿ ಹೋಗಿರಲಿಲ್ಲ. ಕೈಗೆ ಟವೆಲ್ಲು ಸುತ್ತಿಕೊಂಡು ಬಂದು ನನ್ನ ಕೈ ಹಿಡಿದರು. ನಾನು ತಲೆ ಎತ್ತಲಿಲ್ಲ. ಮದುಮಗಳು ನಾಚಿಕೊಂಡಿದ್ದಾಳೆ ಅಂದುಕೊಂಡರು ಜನ. ನನಗೆ ಅವಮಾನದಿಂದ ನೆಲ ಬಿರಿಯಬಾರದೇ ಅನ್ನಿಸಿತ್ತು. ಹಸೆಮಣೆಗೆ ಹೋಗುವ ಅಷ್ಟು ಹೊತ್ತಿನಲ್ಲಿ ಅವರ ಮುಖವನ್ನು ನಾನು ಒಂದು ಸಲವೂ ನೋಡಲಿಲ್ಲ.

ಆಮೇಲೆ ಮಾವ ಬೋಟಿನ ಹತ್ತಿರ ಸುಳಿಯಲಿಲ್ಲ, ಪಂಪ್‌ಸೆಟ್ಟಿಗೇ ಮರಳಿದರು. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ನಮ್ಮ ಮನೆಗೆ ಬರುವರು. ಎಲೆ ಹಾಕಿದ ಕೂಡಲೇ ನನ್ನ ಗಂಡ, "ಏನ್ ಮಾವ, ಎಣ್ಣೆ ಕಾದದಾ?" ಅನ್ನುವರು. ಮಕ್ಕಳು ಕಿಸಕ್ಕನೆ ನಗುವವು. ನಾನೂ ಸಾರು ಬಡಿಸುತ್ತಲೇ ನಗುತ್ತಿದ್ದೆ. ಮಾವನೂ ನಗುತ್ತಿದ್ದರು. ವರ್ಷ ವರ್ಷವೂ ಅದೇ ಮಾತು, ಅದೇ ನಗು. ಬರುಬರುತ್ತ ಅವರು ಬಾಗಿನವನ್ನು ಗೇಟಿನಲ್ಲೇ ಕೊಟ್ಟು, "ಬಸ್ಸು ಒಂಟೋಯ್ತದೆ ಕಣವ್ವ" ಎಂದು ತಿರುಗುವುದಕ್ಕೆ ಶುರುಮಾಡಿದರು. ಬಿಂಕ ಅಂದುಕೊಂಡೆ ನಾನು.

ಹೋದ ವರ್ಷ ಮಾವನಿಗೆ ಜ್ವರ ಜೋರಾಗಿದೆಯೆಂದು ಫೋನು ಬಂತು. ಮನೆಗೆ ನೆಂಟರು ಬಂದಿದ್ದರು. ಎರಡು ದಿನ ಬಿಟ್ಟು ಬರುತ್ತೇನೆ ಅಂದೆ. ಹೋಗುವಷ್ಟರಲ್ಲಿ ಮಾವ ಇರಲಿಲ್ಲ.

ತಿಥಿಯ ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದರು. "ಜ್ವರದಾಗೆ ಒಂದೇ ಸಮ್ನೆ ಕೂಗೋರು ಕಣವ್ವ, 'ಲಗ್ನ ಮೀರ್ತದೆ, ನಮ್ ಮಗೀನ ಯಾರಾರ ದಡ ಸೇರಸ್ರಪ್ಪೋ' ಅಂತ. ಅವ್ಳು ಸೇರ್ಕಂಡ್ಲು, ಮದ್ವೆ ಆಗೋಯ್ತು ಅಂತ ಎಷ್ಟ್ ಯೋಳಿದ್ರೂ ನನ್ ಮಾತ ನಂಬ್ನೇ ಇಲ್ಲ. ನಿನ್ನ ನೋಡಿದ್ರೆ ನಂಬೋರೋ ಏನೋ..."

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಆ ರಾತ್ರಿ ಊಟ ಮಾಡಲಿಲ್ಲ. ಈಗ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಇಷ್ಟು ವರ್ಷ ಎಲೆಯ ಮುಂದೆ ಕೂರಿಸಿ ನಾವು ನಕ್ಕದ್ದು ಆ ನಡುನೀರಿನಿಂದ ಆಚೆ ಬರಲಾರದೆ ಉಳಿದಿದ್ದ ಮನುಷ್ಯನನ್ನು ನೋಡಿ. ಒಂದೇ ಬಸ್ಸಿನ ದಾರಿಯಲ್ಲಿ ಇದ್ದೆ ನಾನು. ಹೋಗಿ ಅವರ ಕೈ ಹಿಡಿದು, ದಡ ಸೇರಿದೆ ಮಾವ, ಇಲ್ಲೇ ಇದ್ದೀನಿ ನೋಡು ಅನ್ನಬೇಕಿತ್ತು. ಅನ್ನಲಿಲ್ಲ.