ಹುಡುಕುವ ಸರದಿ ಅಗ್ಲಾಯಾಳದು

ಬ್ರೈಲಾ ಊರಿನ ನಮ್ಮ ವಠಾರದಲ್ಲಿ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಬಾಗಿಲು ಬಡಿಯುವವಳು ಅಗ್ಲಾಯಾ ಅಜ್ಜಿಯೇ, ಕಂಕುಳಲ್ಲಿ ಎಲೆಕೋಸು ಬೇಯಿಸುವ ದೊಡ್ಡ ಪಾತ್ರೆ. "ಮೊದ್ಲು ನಿನ್ನ ಫೋನು ಇದ್ರೊಳಗೆ ಹಾಕಪ್ಪಾ, ಮಗು ಕಲ್ತಿದ್ದು ನಿನ್ನ ನೋಡೇ!" ಎಂದು ನನ್ನ ಗಂಡನನ್ನು ಗದರುತ್ತಾಳೆ. ಒಮ್ಮೆ ಮನೆಗೆ ನೀರು ಚಿಮುಕಿಸಿ ಹರಸಲು ಬಂದ ಪಾದ್ರಿಯ ಫೋನನ್ನೂ ಬಿಡಲಿಲ್ಲ. ಪಾತ್ರೆಗೆ ಮುಚ್ಚಳ ಹಾಕಿ, ಅಪ್ಪ ಅಮ್ಮ ಮಕ್ಕಳನ್ನೆಲ್ಲ ಅಂಗಳಕ್ಕಿಳಿಸಿ ಕಣ್ಣಾಮುಚ್ಚಾಲೆ ಆಡಿಸುತ್ತಾಳೆ. ಹುಡುಕುವವಳು ಯಾವಾಗಲೂ ತಾನೇ. ಎಲ್ಲರೂ ಸಿಕ್ಕಮೇಲೂ "ತಾಳ್ರಿ, ಇನ್ನೊಬ್ಳಿದ್ದಾಳೆ" ಎಂದು ನೆಲಮಾಳಿಗೆಯತ್ತ ನಡೆಯುತ್ತಾಳೆ. ಅಜ್ಜಿಗೆ ಅರಳುಮರಳು ಎಂದು ನಾವು ನಗುತ್ತಿದ್ದೆವು. ಕಳೆದ ಶನಿವಾರ ನನ್ನ ಮಗಳು ಸ್ಮರಾಂದಾ ಆ ನೆಲಮಾಳಿಗೆಯಿಂದ ಹತ್ತಿ ಬಂದು, "ಅಜ್ಜೀ, ಕೆಳಗೊಬ್ಳು ಹುಡುಗಿ ಕೇಳ್ತಿದ್ದಾಳೆ, ಅಮ್ಮನ ಟೀವಿ ಮುಗೀತಾ ಅಂತ" ಎಂದಳು. ವಠಾರದ ಹಳಬ ಕೋಸ್ತಾಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಪಿಸುಗುಟ್ಟಿದ: "ಮೂವತ್ತು ವರ್ಷ ಆಯ್ತು. ಇವಳ ಮಗಳು ಇಲಿಂಕಾ ಬಚ್ಚಿಟ್ಕೊಂಡಿದ್ಲು. ಧಾರಾವಾಹಿ ಮುಗಿಸಿ ಹುಡುಕ್ತೀನಿ ಅಂತ ಇವಳು ಕೂತ್ಲು. ಕೂಸು ಸಿಗಲೇ ಇಲ್ಲ." ಅಗ್ಲಾಯಾ ಬೆಚ್ಚಲಿಲ್ಲ. ಕತ್ತಲ ಮೆಟ್ಟಿಲಲ್ಲಿ ಕೂತು ಮೆಲ್ಲಗೆ, "ಮುಗೀತು ಮಗಳೇ, ಬಾ" ಎಂದಳು. ಕೆಳಗಿನಿಂದ ಪುಟ್ಟ ಹೆಜ್ಜೆಗಳು ಮೆಟ್ಟಿಲೇರುವ ಸದ್ದು ಕೇಳಿತು. ನಾವು ನಮ್ಮ ನಮ್ಮ ಮಕ್ಕಳನ್ನು ಎಣಿಸಿಕೊಂಡೆವು. ಎಲ್ಲರೂ ಮೇಲೆಯೇ ಇದ್ದರು.