ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ನೀರು

ಅಕ್ಕ ತೀರಿಹೋಗಿ ತಿಂಗಳಾಗಿತ್ತೋ, ಇನ್ನೂ ಆಗಿರಲಿಲ್ಲವೋ. ಚಳಿಗಾಲವಂತೂ ಹೌದು. ಮೈಸೂರಿನ ದಟ್ಟಗಳ್ಳಿಯ ಅವಳ ಮನೆಯಲ್ಲಿ ಭಾವ ನನ್ನ ಕೈಗೆ ಪುಟ್ಟ ಗಾಜಿನ ಸೀಸೆ ಕೊಟ್ಟರು. ಅವಳ ವ್ಯಾನಿಟಿ ಬ್ಯಾಗಿನಲ್ಲಿ ಸಿಕ್ಕಿತಂತೆ. ಮೇಲೆ ಹೆಸರಿರಲಿಲ್ಲ.

“ಬೆಳಿಗ್ಗೆ ಮೇಣದ ಥರ ಗಟ್ಟಿ ಇರುತ್ತೆ ಕಣಮ್ಮ. ಮಧ್ಯಾಹ್ನಕ್ಕೆ ನೀರಾಗ್ಬುಡುತ್ತೆ. ಮೂಸಿದ್ರೆ ಕರ್ಪೂರ. ಪೂಜೆ ಅಂದ್ರೆ ಮಾರುದೂರ ಓಡ್ತಿದ್ಲು ನಿಮ್ಮಕ್ಕ!”

ನಕ್ಕರು. ನಗು ಅಲ್ಲೇ ನಿಂತಿತು. ಸ್ನಾನದ ಮನೆಯಲ್ಲಿ ಕುಸಿದ ಅಕ್ಕನಿಗೆ ಹೃದಯಾಘಾತ ಎಂದಿದ್ದರು ಡಾಕ್ಟರು. ಸೀಸೆ ಸಿಕ್ಕ ಮೇಲೆ ಭಾವನಿಗೆ ಆ ನಂಬಿಕೆ ಹೋಗಿತ್ತು.

“ಇದನ್ನೇನಾದ್ರೂ ಕುಡಿದ್ಬುಟ್ಲಾ? ಅಷ್ಟು ಹೇಳು.”

ಅಕ್ಕನೂ ನಾನೂ ಬೇರೆ ಬೇರೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ವಾಸನೆಯಲ್ಲೇ ನನಗೆ ಗೊತ್ತಾಗಿತ್ತು. ಆದರೂ ಪ್ರಯೋಗಾಲಯಕ್ಕೆ ಒಯ್ದೆ. ಮೂಗನ್ನೂ ನೆನಪನ್ನೂ ನಾನು ನಂಬುವುದಿಲ್ಲ. ಸೋಡಿಯಂ ಚೂರಿಗೆ ಗುಳ್ಳೆಗಳೆದ್ದವು. ಕ್ರೋಮಿಕ್ ಆಮ್ಲದ ಕಿತ್ತಳೆ ಬಣ್ಣ ಹಸಿರಿಗೆ ತಿರುಗಿತು. ಇನ್ನೊಂದು ನಳಿಕೆಗೆ ಲ್ಯೂಕಾಸ್ ದ್ರಾವಣ ಹಾಕಿ ಕಾದೆ. ತಿಳಿಯಾಗಿಯೇ ಇತ್ತು. ಬೆನ್ನ ಹಿಂದೆ ಯಾರೋ ನಿಂತು ನನ್ನ ಜೊತೆ ಕಾಯುತ್ತಿದ್ದಂತಿತ್ತು. ತಿರುಗಲಿಲ್ಲ. ನಿಧಾನವಾಗಿ ನಳಿಕೆ ಮಸುಕಾಯಿತು. ಸೈಕ್ಲೋಹೆಕ್ಸನಾಲ್, ಕಾಲೇಜು ಪ್ರಯೋಗಾಲಯಗಳ ಮಾಮೂಲಿ ರಾಸಾಯನಿಕ.

ಭಾವನ ಹತ್ತಿರ ಹೋಗಿ ಮೊದಲು ಕೇಳಿದೆ: “ಸೀಸೆ ಸಿಕ್ಕಾಗ ಕರವಸ್ತ್ರ ಏನಾದ್ರೂ ಸುತ್ತಿತ್ತಾ?”

“ಜ್ಞಾಪಕ ಇಲ್ಲಮ್ಮ.”

ಆಮೇಲೆ ವಿವರಿಸಿದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಗುರುತಿಸಬೇಕಾದ ಮಾದರಿಗೆ ಹೆಸರು ಬರೆಯುವುದಿಲ್ಲ. ಇದು ಮೈಸೂರಿನ ಚಳಿಗೂ ಹೆಪ್ಪುಗಟ್ಟುತ್ತದೆ. ಆಗ ವಿದ್ಯಾರ್ಥಿಗಳು ಘನವಸ್ತು ಎಂದು ಬರೆದು ಹಾದಿ ತಪ್ಪುತ್ತಾರೆ. ಅದಕ್ಕೇ ನಮ್ಮಲ್ಲಿ ಕೆಲವರು ಹಿಂದಿನ ದಿನವೇ ಮನೆಗೆ ತಂದು, ಕರವಸ್ತ್ರದಲ್ಲಿ ಸುತ್ತಿಟ್ಟು, ಬೆಳಿಗ್ಗೆ ಮುಷ್ಟಿಯಲ್ಲಿ ಹಿಡಿದು ಕರಗಿಸಿಕೊಂಡು ಹೋಗುತ್ತೇವೆ. ಸೀಸೆ ಸಿಕ್ಕಾಗಲೇ ಅರ್ಧ ಖಾಲಿಯಿತ್ತು. ನಾವು ತುಂಬುವುದೂ ಅರ್ಧವೇ.

“ಸುತ್ತಿತ್ತು ಅನ್ಸುತ್ತೆ,” ಎಂದರು ಭಾವ. ಕಾಫಿ ಮುಗಿಯುವಷ್ಟರಲ್ಲಿ, “ಸುತ್ತಿತ್ತು ಕಣಮ್ಮ. ನೀಲಿದು.”

ನಾನು ಖಾಲಿ ಲೋಟಗಳನ್ನು ಎತ್ತಿಟ್ಟೆ.

“ಅಂದ್ರೆ ಮಾರನೇ ದಿನ ಕಾಲೇಜಿಗೆ ಹೋಗೋಳಿದ್ಲು.”

“ಹೌದು ಭಾವ.”

“ಸ್ವಲ್ಪ ಮಲಗ್ತೀನಿ,” ಎಂದು ಒಳಗೆ ಹೋದರು. ಮಧ್ಯಾಹ್ನವಿಡೀ ಅವರ ಗೊರಕೆ ಕೇಳಿಸುತ್ತಿತ್ತು. ನಾನು ಹೊರಗೆ ಕೂತೇ ಇದ್ದೆ.

ಈಗ ನನಗೂ ನಾನು ನೋಡೇ ಇರದ ಆ ನೀಲಿ ಕರವಸ್ತ್ರ ಕಾಣುತ್ತದೆ. ಎರಡು ಕೈಗಳು ಅದನ್ನು ಬಿಚ್ಚಿ ಸೀಸೆಯನ್ನು ನನ್ನತ್ತ ಚಾಚುತ್ತವೆ. ಅವು ಭಾವನ ಕೈಗಳಲ್ಲ, ಅಕ್ಕನವು.