ಮುಳುಗಡೆ ಕೋಟಾದ ನೌಕರಿ

ಆಣೆಕಟ್ಟಿನ ಹಿನ್ನೀರಿಗೆ ಆಸ್ತಿ ಕಳೆದುಕೊಂಡ ಕುಟುಂಬಗಳಿಗೆ ಮೀಸಲಿದ್ದ ಒಂದೇ ಗುಮಾಸ್ತೆ ಹುದ್ದೆ ನನಗೆ ಸಿಕ್ಕಿತು. ಮನೆ ಹೋದವರಿಗೇ ಅದು ಮೊದಲು ಸಿಗಬೇಕೆಂದು ಪಕ್ಕದ ಊರಿನ ಹೆಣ್ಣುಮಗಳೊಬ್ಬಳು ಕೋರ್ಟಿಗೆ ಹೋದಳು. ಅವಳದು ಇಡೀ ಮನೆ ಮುಳುಗಿತ್ತು, ನಮ್ಮದು ಹೊಲದ ಒಂದು ಮೂಲೆ.

"ಎಷ್ಟು ಮುಳುಗೇತಿ ಅಂತ ಕಾಯ್ದೆ ಕೇಳೂದಿಲ್ರಿ, ಮಾರ್ಕ್ಸ್ ಕೇಳತೈತಿ," ಎಂದಿದ್ದರು ನನ್ನ ವಕೀಲರು. ಹಾಗೇ ಆಯಿತು. ಗೆದ್ದೆ.

ತೀರ್ಪಿನ ದಿನ ಬೀಳಗಿಗೆ ಮರಳುವ ಬಸ್ಸಿನಲ್ಲಿ ಅವಳೇ ಸರಿದು ನನಗೆ ಜಾಗ ಕೊಟ್ಟಳು. ಹಿನ್ನೀರು ಕಂಡಾಗ ಕಿಟಕಿಯಾಚೆ ಕೈ ಮಾಡಿ, "ಅಲ್ಲೇ ಇತ್ತು ನೋಡ್ರಿ ನಮ್ಮ ಮನಿ. ನಿಮ್ದೆಲ್ಲಿ ಮುಳುಗೇತ್ರಿ ಅಕ್ಕಾರ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಿರುಗಿ ಜಗಳವಾಡಿ ಹಗುರಾಗುತ್ತಿದ್ದೆ.

ನಾನು ನಡುನೀರಿಗೆ ಬೆರಳು ತೋರಿಸಿದೆ. ದಂಡೆಯ ಮೇಲೆ ನಮ್ಮ ಕಬ್ಬು ಆಳೆತ್ತರ ನಿಂತಿತ್ತು.